ಜಗಲಿಯ ತನಕ ಬಂದವನು

ಸತ್ತ ಮೇಲೆ ಲಿಂಗರಾಜು ಮೊದಲ ಸಲ ಮನೆಗೆ ಬಂದದ್ದು ಶಿವರಾತ್ರಿ ಕಳೆದ ಮೇಲೆ, ಒಂದು ಬೆಳಿಗ್ಗೆ. ಅವನ ಹೆಂಡತಿ ಶಾಂತಲಾ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹೊರಗೆ ಅತ್ತೆ ಸುಂದ್ರಮ್ಮ ಯಾರನ್ನೋ ಗದರಿದ್ದು ಕೇಳಿಸಿತು.

"ಕಾಲ್ ತೊಳ್ಕೊಂಡು ಕೂತ್ಕೊಬಾರ್ದಾ? ಈಗ ತಾನೇ ಗುಡ್ಸಿವ್ನಿ ಕಣ್ಲಾ!"

ಶಾಂತಲಾ ಜರಡಿ ಹಿಡಿದುಕೊಂಡೇ ಹೊರಗೆ ಬಂದಳು. ಜಗಲಿಯ ಮೇಲೆ ಅತ್ತೆಯನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಯಾರ ಜೊತೆ ಮಾತಾಡ್ತಿದ್ರಿ ಅತ್ತೆ?"

"ಲಿಂಗ ಕಣವ್ವ. ಈ ಕಂಬಕ್ಕೆ ಒರ್ಗಿ ಕೂತಿದ್ದ, ಕಾಲೆಲ್ಲಾ ಕೆಸ್ರು." ಸುಂದ್ರಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಇದ್ದಂತೆ ಕಾಣಲಿಲ್ಲ. "ನೀನು ಬಂದೇಟ್ಗೆ ಎದ್ದೋದ."

ಶಾಂತಲಾ ಒಳಗೆ ಹೋಗಿ ಉಳಿದ ಹಿಟ್ಟನ್ನು ಜರಡಿ ಹಿಡಿದಳು. ನಾನು ಬಂದ ತಕ್ಷಣ ಯಾಕೆ ಎದ್ದು ಹೋಗಬೇಕು ಎಂದು ಅವಳಿಗೆ ಅನ್ನಿಸಿತು. ಬಂದಿದ್ದಾದರೂ ಹೇಗೆ ಎಂದು ಅನ್ನಿಸಿದ್ದು ಆಮೇಲೆ.

ಹಿಂದಿನ ಮುಂಗಾರಿಗೆ ಸ್ವಲ್ಪ ಮೊದಲು, ಹೊಲದ ಪಂಪ್‌ಸೆಟ್ಟಿನಲ್ಲಿ ಕರೆಂಟು ಹೊಡೆದು ಲಿಂಗರಾಜು ತೀರಿಕೊಂಡಿದ್ದ. ಶಾಂತಲಾ ಅತ್ತಿರಲಿಲ್ಲ. ಹೆಣ ಎತ್ತುವಾಗ ಪಕ್ಕದ ಮನೆಯ ರಾಮಮ್ಮ ಅವಳ ತೊಡೆ ಚಿವುಟಿ, "ಅಳೇ ಮಗ, ಎದೆ ಒಡ್ದೋದಾತು" ಅಂದಿದ್ದಳು. ತೊಡೆ ಉರಿದಿತ್ತು, ಅಷ್ಟೇ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವಳು ಹಳ್ಳಿಯಲ್ಲಿ ಇದ್ದು ಏನು ಮಾಡುತ್ತಾಳೆ ಎಂದು ಸಾಲಿಗ್ರಾಮದಿಂದ ತಂದೆ ಕರೆಯಲು ಬಂದಿದ್ದರು. ನೋಡೋಣ ಅಂದಿದ್ದಳು. ಅವರು ಮತ್ತೆ ಬಂದರು, ಮತ್ತೆ ನೋಡೋಣ ಅಂದಳು. ಹೋಗುವುದಕ್ಕೂ ಇರುವುದಕ್ಕೂ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಇಬ್ಬರೇ ಹೆಂಗಸರು. ಹೊಲವನ್ನು ರಾಮಮ್ಮನ ಗಂಡ ಚೆಲುವಯ್ಯ ಪಾಲಿಗೆ ಮಾಡುತ್ತಿದ್ದ.

ಆ ವರ್ಷ ಹೊಗೆಸೊಪ್ಪು ಮುರಿಯುವ ಕಾಲ ಬಂದಾಗ ಸುಂದ್ರಮ್ಮ ಮನೆಯಲ್ಲಿ ಕೂರಲಾರದೆ ಸೊಪ್ಪು ಕಟ್ಟಲು ಹೋದಳು. ಜಡಿಮಳೆಯಲ್ಲಿ ನೆನೆದ ಹಸಿ ಸೊಪ್ಪನ್ನು ಮಡಿಲಲ್ಲಿ ಹಾಕಿಕೊಂಡು ಒಣಗಿಸಲೆಂದು ದಿನವಿಡೀ ಕಡ್ಡಿಗೆ ಕಟ್ಟಿದಳು. ಸಂಜೆ ತಲೆ ಸುತ್ತಿ ವಾಂತಿ ಮಾಡಿಕೊಂಡು ಬಿದ್ದಳು. ಒದ್ದೆ ಸೊಪ್ಪು ಮುಟ್ಟಿದವರಿಗೆ ತಲೆ ಸುತ್ತುವುದು ಆ ಕಡೆ ಮಕ್ಕಳಿಗೂ ಗೊತ್ತು. ಕೈ ತೊಳೆದು, ಮಜ್ಜಿಗೆ ಕುಡಿದು ಮಲಗಿದರೆ ಮಾರನೆಯ ದಿನಕ್ಕೆ ಇಳಿಯುತ್ತದೆ. ಆದರೆ ಮಗ ಸತ್ತ ವರ್ಷ. ದುಃಖ ತಲೆಗೆ ಏರಿದೆ ಎಂದು ಎಲ್ಲರೂ ಅಂದರು, ಸೊಪ್ಪು ಯಾರಿಗೂ ನೆನಪಾಗಲಿಲ್ಲ. ಶಾಂತಲಾಳಿಗೂ ಆಗಲಿಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ತಲೆಸುತ್ತಿಗೆ ಒಂದು ಮಾತ್ರೆ ಬರೆದರು, ಬಿಡದೆ ನುಂಗಬೇಕು ಅಂದರು. ಬಿಡದೆ ನುಂಗಿದ್ದಾಯಿತು. ಚಳಿಗಾಲದ ಹೊತ್ತಿಗೆ ಸುಂದ್ರಮ್ಮನ ಬಲಗೈ ನಡುಗತೊಡಗಿತು. ಅದೇ ಡಾಕ್ಟರು ನಡುಕದ ಕಾಯಿಲೆ ಅಂದು ಇನ್ನೊಂದು ಮಾತ್ರೆ ಬರೆದರು. ಅದಾದ ಮೇಲೆ ಲಿಂಗರಾಜು ಬಂದ.

ಬಂದವನು ಬರುತ್ತಲೇ ಇದ್ದ.

"ಆಸೆ ಉಳ್ಕೊಂಡದೆ ಕಣವ್ವ ಅವ್ನಿಗೆ," ಅಂದಳು ರಾಮಮ್ಮ. "ನಾಟಿಕೋಳಿ ಅಂದ್ರೆ ಪ್ರಾಣ ಬುಡ್ತಿದ್ದ ಮಗ. ನೀವಿಬ್ರೂ ದಿನಾ ಬೇಳೆಸಾರು ಕಾಯ್ಸ್ಕಂಡು ಕೂತ್ರೆ ಬಂದೋನು ಎದ್ದೋಗ್ದೆ ಇನ್ನೇನ್ ಮಾಡಾನು? ಒಂದು ಎಡೆ ಇಡ್ರಿ."

ಕೋಳಿಸಾರು ಮಾಡಿ, ಹೊಸ ಪಂಚೆ ಇಟ್ಟು, ಎಡೆ ಇಟ್ಟರು. ಮಾರನೆಯ ದಿನವೂ ಅವನು ಬಂದ. "ತಿಂದ್ರೂ ಸಣ್ಕಾಗವ್ನೆ," ಅಂದಳು ಸುಂದ್ರಮ್ಮ.

ಶಾಂತಲಾ ಬೆಳಿಗ್ಗೆ ಬೇಗ ಏಳತೊಡಗಿದಳು. ಅತ್ತೆಗೆ ಮಾತ್ರೆ ಕೊಟ್ಟು, ಕೆಲಸ ಮುಗಿಸಿ, ಬಾಗಿಲ ಹಿಂದೆ ಕೂತು ಕೇಳುತ್ತಿದ್ದಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಬಂದು, ಇವತ್ತು ಯಾವ ಅಂಗಿ ಹಾಕಿದ್ರು, ಗಡ್ಡ ಬಂದಿತ್ತಾ ಎಂದು ವಿಚಾರಿಸುತ್ತಿದ್ದಳು. ಸುಂದ್ರಮ್ಮ ಹೇಳುತ್ತಿದ್ದಳು. ನೀಲಿ ಗೆರೆಯ ಅಂಗಿ. ತೋಳು ಮಡಿಸಿದ್ದ. ಮದುವೆಯಾದ ಮೇಲೆ ಶಾಂತಲಾಳೇ ಹುಣಸೂರಿನಲ್ಲಿ ಕೊಡಿಸಿದ ಅಂಗಿ ಅದು. ಎಷ್ಟೋ ದಿನದ ಮೇಲೆ ಆ ದಿನ ಅವಳಿಗೆ ಹಸಿವಾಯಿತು.

ಯುಗಾದಿಯ ಹತ್ತಿರ ಕ್ಲಿನಿಕ್ಕಿಗೆ ಹೋದಾಗ ಸುಂದ್ರಮ್ಮನೇ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಬರೆಯುತ್ತಲೇ ಕೇಳಿಸಿಕೊಂಡರು.

"ಸತ್ತೋರು ಕಾಣ್ತಾರಾ? ಆಯ್ತು. ಮೈಸೂರಲ್ಲಿ ತಲೆ ಸ್ಕ್ಯಾನ್ ಮಾಡ್ಸಿ. ಅಲ್ಲೀವರ್ಗೂ ಇದನ್ನ ರಾತ್ರಿ ಒಂದು ಕೊಡಿ." ಆಮೇಲೆ ತಲೆ ಎತ್ತಿ ಶಾಂತಲಾಳನ್ನು ನೋಡಿದರು. "ನೀವು ಸೊಸೆನಾ? ನಿದ್ದೆ ಬರುತ್ತಾ? ಅಳು ಬರುತ್ತಾ?"

"ಅಳು ಬರಲ್ಲ."

"ಅದೂ ಕಾಯಿಲೆನೇ," ಅಂದು ಅದೇ ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆದರು. ಅಳು ಬಾರದ್ದಕ್ಕೂ ಒಂದು ಮಾತ್ರೆ ಇದೆಯೆಂದು ಅವಳಿಗೆ ಗೊತ್ತಾದದ್ದು ಆಗ.

ಬಸ್ಸಿನಲ್ಲಿ ಸುಂದ್ರಮ್ಮ ನಕ್ಕಳು. "ಅಳಾಕೂ ಮಾತ್ರೆ ಕೊಟ್ನಾ ನಿಂಗೆ? ನಾನು ಅಷ್ಟೊಂದ್ ಅತ್ತೆ, ನಿಲ್ಸಾಕೆ ಯಾರೂ ಕೊಡ್ನಿಲ್ವಲ್ಲವ್ವ."

ನಗುತ್ತಲೇ ಹೊಟ್ಟೆ ಹಿಡಿದುಕೊಂಡಳು. ಹೊಟ್ಟೆ ಕಟ್ಟಿಕೊಂಡು ಕೆಲವು ದಿನವಾಗಿತ್ತು, ಬಸ್ಸಿನ ಕುಲುಕಾಟಕ್ಕೆ ನೋವು ಜೋರಾಯಿತು. ಗಾವಡಗೆರೆಯಲ್ಲಿ ಇಳಿದು ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿದ್ದ ಡಾಕ್ಟರು ಸ್ಪಂದನಾ, ಶಾಂತಲಾಳಿಗಿಂತ ಚಿಕ್ಕ ವಯಸ್ಸಿನವಳು. ಹೊಟ್ಟೆ ಒತ್ತಿ ನೋಡಿ, ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲಾ ಮೇಜಿನ ಮೇಲೆ ಸುರಿದಳು.

"ಇದರಲ್ಲಿ ಮೊದಲು ಶುರುವಾಗಿದ್ದು ಯಾವುದು?"

ಶಾಂತಲಾ ತಲೆಸುತ್ತಿನದ್ದನ್ನು ತೋರಿಸಿದಳು.

"ತಲೆ ಸುತ್ತಿದ್ದು ಯಾವ ಕಾಲದಲ್ಲಿ? ಸೊಪ್ಪಿನ ಕೆಲಸ ಮಾಡ್ತಿದ್ರಾ ಅಜ್ಜಿ?"

"ಆ ಕಾಲ್ದಲ್ಲಿ ಇನ್ನೇನು ಮಲ್ಗೆ ಹೂ ಕಟ್ತಾರಾ ತಾಯಿ?" ಅಂದಳು ಸುಂದ್ರಮ್ಮ.

ಡಾಕ್ಟರು ನಗಲಿಲ್ಲ. ಸುಂದ್ರಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದು ನಿಧಾನವಾಗಿ ಹೇಳಿದಳು. ಅದು ಸೊಪ್ಪಿನ ತಲೆಸುತ್ತು ಇರಬೇಕು, ತಾನಾಗಿ ನಿಲ್ಲುವಂಥದ್ದು. ತಲೆಸುತ್ತು ನಿಂತಿದೆ, ಮಾತ್ರೆ ನಿಂತಿಲ್ಲ. ವಯಸ್ಸಾದವರು ಇದನ್ನು ತಿಂಗಳುಗಟ್ಟಲೆ ನುಂಗಿದರೆ ಕೈ ನಡುಗಬಹುದು. ಆ ನಡುಕವನ್ನೇ ಹೊಸ ಕಾಯಿಲೆ ಅಂದುಕೊಂಡು ಎರಡನೆಯದ್ದು ಕೊಟ್ಟಿದ್ದಾರೆ. ಎರಡನೆಯದ್ದರಿಂದ ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟುತ್ತದೆ.

"ಕೆಲವರಿಗೆ ಇಲ್ಲದ್ದು ಕಾಣಿಸುತ್ತೆ. ಇವರಿಗೆ ಏನಾದ್ರೂ ಕಾಣಿಸುತ್ತಾ?"

ಕಿಟಕಿಯಾಚೆ ಸುಂದ್ರಮ್ಮ ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು.

"ಇಲ್ಲ," ಅಂದಳು ಶಾಂತಲಾ.

"ಒಳ್ಳೇದು. ತಲೆಸುತ್ತಿನದ್ದು ಇವತ್ತಿಂದ ಬೇಡ. ನಡುಕದ್ದನ್ನ ಒಂದೇ ಸಲಕ್ಕೆ ನಿಲ್ಲಿಸಬೇಡಿ, ಅರ್ಧ ಮಾಡ್ತಾ ಬನ್ನಿ, ಮಧ್ಯೆ ಬಂದು ತೋರಿಸಿ. ರಾತ್ರಿದು ಶುರುನೇ ಮಾಡಬೇಡಿ." ಕೊನೆಯ ಮಾತ್ರೆಯನ್ನು ಕೈಯಲ್ಲಿ ಹಿಡಿದು, "ಇದು ನಿಮ್ಮದಾ?" ಅಂದಳು. "ಬೇಕಾದವರಿಗೆ ಇದು ಒಳ್ಳೆ ಮಾತ್ರೆನೇ. ನಿಮಗೆ ಬೇಕಾ ಅಂತ ಒಂದು ಮಾತಿಗೆ ಹೇಳಕ್ಕಾಗಲ್ಲ. ಒಂದು ದಿನ ಒಬ್ಬರೇ ಬನ್ನಿ, ಮಾತಾಡೋಣ."

ಶಾಂತಲಾ ತಲೆಸುತ್ತಿನ ಮಾತ್ರೆಯನ್ನು ನಿಲ್ಲಿಸಿದಳು. ನಡುಕದ್ದನ್ನು ನಿಲ್ಲಿಸಲಿಲ್ಲ, ಅರ್ಧವನ್ನೂ ಮಾಡಲಿಲ್ಲ. ಪ್ರತಿ ಬೆಳಿಗ್ಗೆ ಅತ್ತೆಯ ಅಂಗೈಯಲ್ಲಿ ಅದನ್ನು ಇಡುವಾಗ ಬೇರೆ ಕಡೆ ನೋಡುತ್ತಿದ್ದಳು. ಅವನು ಮಾತ್ರೆಯಿಂದ ಬರುತ್ತಾನೆ ಎಂದು ತಿಳಿದ ಮೇಲೂ ಬಾಗಿಲ ಹಿಂದೆ ಕೂರುವುದು ತಪ್ಪಲಿಲ್ಲ. ಈ ಮನೆಯಲ್ಲಿ ಅವನ ಹೆಸರು ಕೇಳುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತೆಲ್ಲಾ ಗೋಡೆ, ಪಾತ್ರೆ, ಟೀವಿಯ ಸದ್ದು.

ಒಂದು ದಿನ ತಡೆಯಲಾರದೆ ಕೇಳಿದಳು. "ನನ್ನ ವಿಷ್ಯ ಏನಾದ್ರೂ ಕೇಳಿದ್ರಾ ಅತ್ತೆ?"

ಸುಂದ್ರಮ್ಮ ಅವಳ ಮುಖವನ್ನೇ ನೋಡಿದಳು. "ಕೇಳ್ದ ಕಣವ್ವ. ಶಾಂತ ಉಂಡ್ಲಾ ಅಂದ."

ಲಿಂಗರಾಜು ಬದುಕಿದ್ದಾಗ ಒಂದು ದಿನವೂ ಹಾಗೆ ಕೇಳಿದವನಲ್ಲ. ಕೇಳಬೇಕೆಂದು ಅವನಿಗೆ ತೋಚುತ್ತಲೇ ಇರಲಿಲ್ಲ. ಅದು ಅತ್ತೆ ಕರುಣೆಯಿಂದ ಆಡಿದ ಸುಳ್ಳು. ಜಗಲಿಗೆ ಬರುವ ಅವನು ಯಾವತ್ತೂ ಬಾಯೇ ಬಿಟ್ಟಿರಲಾರ ಎಂದು ಶಾಂತಲಾಳಿಗೆ ಅರ್ಥವಾಯಿತು. ಆದರೂ ಮಾರನೆಯ ಬೆಳಿಗ್ಗೆ ಇಡೀ ಮಾತ್ರೆಯನ್ನೇ ಕೊಟ್ಟಳು.

ಹೊಗೆಸೊಪ್ಪಿನ ಸಸಿ ನಾಟಿಯ ಹೊತ್ತು. ಅವತ್ತು ಮಧ್ಯಾಹ್ನ ಶಾಂತಲಾ ಬಟ್ಟೆ ಒಗೆದು ಬರುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು. ಹೊಲದ ಕಡೆಯಿಂದ ಚೆಲುವಯ್ಯ ಸುಂದ್ರಮ್ಮನ ತೋಳು ಹಿಡಿದುಕೊಂಡು ಬರುತ್ತಿದ್ದ. ಅವಳ ಸೀರೆ ಮೊಣಕಾಲ ತನಕ ಒದ್ದೆಯಾಗಿತ್ತು.

"ಪಂಪ್‌ಸೆಟ್ಟಿನ ತಾವ ಸಿಕ್ಕುದ್ಲು ಕಣವ್ವ," ಅಂದ ಚೆಲುವಯ್ಯ. "ನೀರಲ್ಲಿ ನಿಂತ್ಕಂಡು ಸ್ಟಾರ್ಟರ್ ಡಬ್ಬಿಗೆ ಕೈ ಹಾಕ್ತಾವ್ಳೆ. ನಾನು ಒಂದ್ಗಳಿಗೆ ತಡ ಮಾಡಿದ್ರೆ ಇನ್ನೊಂದು ಹೆಣ ಎತ್ತಬೇಕಾಗಿತ್ತು."

"ಅವ್ನು ಆ ಕಡೀಕೆ ಹೊಂಟ," ಅಂದಳು ಸುಂದ್ರಮ್ಮ. "ಮುಟ್ಬ್ಯಾಡ ಕಣ್ಲಾ ಅಂತ ಕೂಗ್ದೆ. ತಿರುಗ್ನಿಲ್ಲ. ಮೋಟ್ರು ಆಫ್ ಮಾಡಾನ ಅಂತ ಹಿಂದ್ಗುಟ್ಟೇ ಹೋದೆ."

ಶಾಂತಲಾ ಅತ್ತೆಯ ಕಾಲು ತೊಳೆದಳು. ಕೆಸರು ಬೆರಳ ಸಂದಿಯಲ್ಲೆಲ್ಲಾ ಸೇರಿಕೊಂಡಿತ್ತು. ಒರೆಸಿ, ಅಲ್ಲೇ ನೆಲದ ಮೇಲೆ ಕೂತು ಹೇಳಿದಳು. ಮಾತ್ರೆಯಿಂದ ಅವರು ಕಾಣುತ್ತಾರೆ, ಮಾತ್ರೆ ಬಿಟ್ಟರೆ ಕಾಣುವುದಿಲ್ಲ. ಯುಗಾದಿಯಿಂದ ನನಗೆ ಇದು ಗೊತ್ತಿತ್ತು, ಗೊತ್ತಿದ್ದೂ ಕೊಟ್ಟೆ.

ಸುಂದ್ರಮ್ಮ ಒದ್ದೆ ಸೀರೆಯ ಅಂಚನ್ನು ಹಿಂಡಿದಳು. "ಯಾಕ್ ಕೊಟ್ಟೆ?"

"ನೀವು ಹೇಳ್ತಿದ್ರಲ್ಲ, ಕೇಳೋಣ ಅಂತ."

"ಹಂಗಾದ್ರೆ ಕೊಡ್ತಾನೇ ಇರು. ನಂಗೇನಾದ್ರೂ ಆಗ್ಲಿ ಬುಡು."

"ಇಲ್ಲ ಅತ್ತೆ. ಕೊಡಲ್ಲ."

"ನೀನ್ಯಾವಳೇ ಕೊಡಲ್ಲ ಅನ್ನಾಕೆ? ನನ್ ಮಗ!"

ಮಾರನೆಯ ದಿನ ಶಾಂತಲಾ ಗಾವಡಗೆರೆಗೆ ಹೋಗಿ ಡಾಕ್ಟರಿಗೆ ನಿಜ ಹೇಳಿದಳು. ಡಾಕ್ಟರು ಬೈಯಲಿಲ್ಲ, ಕಡಿಮೆ ಮಾಡುವ ಬಗೆಯನ್ನು ಇನ್ನೊಮ್ಮೆ ವಿವರಿಸಿದಳು. ಶಾಂತಲಾ ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿದಳು, ಆಮೇಲೆ ಕಾಲು ಮಾಡಿದಳು. ಸುಂದ್ರಮ್ಮ ನುಂಗುತ್ತಿದ್ದಳು, ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಬೆಳಗಿನ ಹೊತ್ತು ಕಂಬದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮೊದಮೊದಲು ಒಂದೆರಡು ಮಾತು ಕೇಳಿಸುತ್ತಿತ್ತು. ಆಮೇಲೆ, "ಮಖ ಯಾಕ್ಲಾ ಆ ಕಡೀಕ್ ತಿರುಗ್ಸಿದ್ದೀಯ?" ಅಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಾಗಿಲ ಹಿಂದೆ ಶಾಂತಲಾ ಅಭ್ಯಾಸದಂತೆ ಕೂತೇ ಇದ್ದಳು. ಹೊರಗೆ ಒಬ್ಬಳು, ಒಳಗೆ ಒಬ್ಬಳು, ನಡುವೆ ಬಾಗಿಲು.

ಸೊಪ್ಪಿನ ಕಾಲ ಬಂದಾಗ ಸುಂದ್ರಮ್ಮನ ಕೈನಡುಕ ನಿಂತಿತ್ತು. ಯಾರಿಗೂ ಹೇಳದೆ, ಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದ ಚಪ್ಪರಕ್ಕೆ ಹೋಗಿ ಸೊಪ್ಪು ಕಟ್ಟಲು ಕೂತಳು. ಶಾಂತಲಾ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಹಿಂದೆಯೇ ಹೋಗಿ ಅವಳ ಮಡಿಲಿಗೆ ಹಾಸಿದಳು, ಕೈಗೆ ಗ್ಲೌಸು ಕೊಟ್ಟಳು. ಸುಂದ್ರಮ್ಮ ಬೇಡವೆನ್ನಲಿಲ್ಲ. ಎದುರಿಗೆ ಕೂತು ಶಾಂತಲಾ ಎಲೆಗಳನ್ನು ಜೋಡಿಸಿ ಕೊಡತೊಡಗಿದಳು. ಅತ್ತೆಯ ಬೆರಳು ದಾರವನ್ನು ಸರಸರನೆ ಸುತ್ತಿ ಬಿಗಿಯುತ್ತಿತ್ತು. ಒಂದು ಕಡ್ಡಿ ತುಂಬಿತು. ಇನ್ನೊಂದನ್ನು ಎತ್ತಿಕೊಂಡಾಗ ಸುಂದ್ರಮ್ಮ ಅವಳ ಕಡೆ ನೋಡದೆಯೇ ಮಾತಾಡಿದಳು.

"ನಂಗೆ ಅವ್ನು ಕಂಡಿದ್ದು ಜಗಲಿ ಗಂಟ. ಬದ್ಕಿದ್ದಾಗ್ಲೂ ಅಷ್ಟೇಯ. ಮದ್ವೆ ಆದ್ಮೇಲೆ ಮಗ ಜಗ್ಲೀಲಿ ಮಾತ್ರ ತಾಯಿಗೆ ಸಿಗಾದು." ದಾರವನ್ನು ಹಲ್ಲಿನಿಂದ ಕಡಿದಳು. "ಒಳ್ಗೆ ಹೆಂಗಿದ್ದ?"

ಶಾಂತಲಾಳ ಕೈಯಲ್ಲಿ ಎಲೆಗಳಿದ್ದವು. ವರ್ಷದ ಮೇಲಾಗಿತ್ತು, ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಹಾಡ್ತಿದ್ರು," ಅಂದಳು.

"ಯಾರು, ಲಿಂಗನಾ? ಥೂ! ಅವ್ನಿಗೆಲ್ಲಿ ಹಾಡು ಬರ್ತಿತ್ತೇ?"

"ಬರ್ತಿರ್ಲಿಲ್ಲ. ತುಂಬಾ ಕೆಟ್ಟದಾಗಿ ಹಾಡ್ತಿದ್ರು. ಅಂಗಿ ಗುಂಡಿ ಹಾಕ್ಕೊಳ್ಳೋವಾಗ. ಒಂದೇ ಸಾಲು, ಅದನ್ನೇ ಮತ್ತೆ ಮತ್ತೆ. ಮುಂದಿನ ಸಾಲು ಗೊತ್ತಿರ್ಲಿಲ್ಲ ಅವರಿಗೆ. ನಾನು ಹೇಳ್ಕೊಡ್ತೀನಿ ಅಂದ್ರೆ..."

ಅಲ್ಲಿಗೆ ಅವಳಿಗೆ ಅಳು ಬಂತು. ಸುಂದ್ರಮ್ಮ ಕಡ್ಡಿಯನ್ನು ಕೆಳಗಿಟ್ಟಳು. ಅಳು ಅಂತಲೂ ಅನ್ನಲಿಲ್ಲ, ಅಳಬೇಡ ಅಂತಲೂ ಅನ್ನಲಿಲ್ಲ.

"ಅಂದ್ರೆ?" ಅಂದಳು. "ಹೇಳು, ಏನಂದ?"