ಆರಡಿ ಹೆಂಗಸಿಗೆ ಒಂದು ಬೈಕು

ಮೊಣಕಾಲು — ಇದು ತನ್ನದೇ ಮೊಣಕಾಲೇ, ಪಕ್ಕದ ಬೈಕಿನ ಸೈಲೆನ್ಸರಿನ ಹೊಳಪಿನಲ್ಲಿ ಕುಂಬಳಕಾಯಿಯಷ್ಟು ಉಬ್ಬಿ ಕಾಣುತ್ತಿದೆ, ಅದರ ಮೇಲೆ ಒಂದು ಮುಖ, ಮುಖಕ್ಕೂ ಮೊಣಕಾಲಿಗೂ ನಡುವೆ ಏನೂ ಇಲ್ಲ, ದೇವರು ಮಾರ್ಲಿಸ್‌ಳನ್ನು ಮಾಡುವಾಗ ನಡುವಿನದ್ದನ್ನೆಲ್ಲ ಮರೆತ ಹಾಗೆ, ಮರೆತದ್ದೇನು ಬಂತು, ಬೇಕಾದ್ದಕ್ಕಿಂತ ಧಾರಾಳವಾಗಿಯೇ ಕೊಟ್ಟಿದ್ದಾನೆ, ಆರಡಿ ಉದ್ದ, ಅದಕ್ಕೆ ತಕ್ಕ ಅಗಲ, ಐವತ್ತೆಂಟು ವರ್ಷದಿಂದ ಹೊತ್ತು ತಿರುಗುತ್ತಿದ್ದಾಳೆ, ಎಲ್ಲೂ ಇಳಿಸಿ ಬಂದಿಲ್ಲ. ಬೈಕಿನಂಗಡಿಯ ಡ್ಯಾರೆಲ್ ಪಕ್ಕದಲ್ಲಿ ನಿಂತು ಹೇಳುತ್ತಲೇ ಇದ್ದಾನೆ, ಇದು ಹೆಂಗಸರಿಗೆ ಅಂತ್ಲೇ ಬಂದಿರೋದು ನೋಡಿ ಮಾರ್ಲಿಸ್, ಸೀಟು ತಗ್ಗು, ತೂಕ ಕಮ್ಮಿ, ಎರಡೂ ಕಾಲು ಆರಾಮಾಗಿ ನೆಲಕ್ಕೆ ತಾಗುತ್ತೆ — ತಾಗದೆ ಏನು, ಕಾಲು ನೆಲಕ್ಕೆ ತಾಗಿ ಇನ್ನೂ ಅರ್ಧ ಉಳಿದಿದೆ, ಆ ಉಳಿದರ್ಧವನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಮಡಿಸಿ ಹ್ಯಾಂಡಲ್ಲಿನ ಹತ್ತಿರ ತಂದಿಟ್ಟುಕೊಂಡಿದ್ದಾಳೆ, ಇನ್ನೊಂದಿಷ್ಟು ಬಗ್ಗಿದರೆ ಮೊಣಕಾಲಿನಿಂದಲೇ ಹಾರ್ನ್ ಹೊಡೆಯಬಹುದು. ಬಾಗಿಲ ಬಳಿ ವೆಂಡೆಲ್, ಗಂಡ, ಟೈರುಗಳ ರಾಶಿಗೆ ಒರಗಿ ನಿಂತವನು, ಬಲಗೈ ಜಾಕೆಟ್ಟಿನ ಜೇಬಿನೊಳಗೆ, ನಾನು ಬಾಯಿ ತೆಗೆಯಲ್ಲ, ಬೈಕು ನಿಂದು, ಆರಿಸೋದೂ ನೀನೇ, ಅಂತ ಪಿಕಪ್ಪಿನಲ್ಲಿ ಬರುವಾಗ ಹೇಳಿದ್ದಾನೆ, ಬಾಯಿ ತೆಗೆದಿಲ್ಲ, ಆದರೆ ಹುಬ್ಬು ಹಣೆಗೆ ಏರಿ ಕೂತಿದೆ, ಆ ಹುಬ್ಬು ಏನು ಹೇಳುತ್ತದೆ ಅಂತ ಅವಳಿಗೆ ಗೊತ್ತು.

ಜೇಬಿನೊಳಗಿನ ಕೈ ಏನು ಮಾಡುತ್ತಿದೆ ಅನ್ನುವುದೂ ಗೊತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿದೆ, ಬ್ರೆಡ್ಡಿನ ಚೂರನ್ನು ಉಂಡೆ ಮಾಡುವ ಹಾಗೆ, ಉಂಡೆ ಮುಗಿಯುವುದೇ ಇಲ್ಲ, ಊಟಕ್ಕೆ ಕೂತಾಗಲೂ, ಟಿವಿ ನೋಡುವಾಗಲೂ, ನಿದ್ದೆ ಬಂದರೆ ಮಾತ್ರ ಆ ನಡುಕ ನಿಲ್ಲುತ್ತದೆ. ಡ್ಯಾರೆಲ್‌ಗೆ ಗೊತ್ತಿಲ್ಲ, ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಅವಳಿಗೆ, ಡಾಕ್ಟರಿಗೆ, ಮತ್ತೆ ಆ ಜೇಬಿಗೆ, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಬೈಕಿನಲ್ಲಿ ಅವನ ಬೆನ್ನಿನ ಹಿಂದೆ ಕೂತಿದ್ದಳು, ಬೆನ್ನು ಅಂದರೆ ಎಷ್ಟು ಬೆನ್ನು, ಅವಳ ಒಂದು ತೋಳಿನಷ್ಟಿಲ್ಲ, ಇಬ್ಬರೂ ಹೊರಟರೆ ಹಿಂದಿನಿಂದ ನೋಡಿದವರಿಗೆ ಅವಳೊಬ್ಬಳೇ ಕಾಣುತ್ತಿದ್ದಳು, ಮಾರ್ಲಿಸ್ ಹಿಂದಿನ ಸೀಟಲ್ಲಿ ಕೂತ್ಕೊಂಡೇ ಬೈಕ್ ಓಡಿಸ್ತಾಳೆ ಕಣ್ರೋ, ವೆಂಡೆಲ್‌ನನ್ನ ಮನೇಲಿ ಮರೆತು ಬಂದಿದಾಳೆ, ಅಂತ ಊರಿನವರೆಲ್ಲ ಸೇರುವ ಶುಕ್ರವಾರದ ಮೀನಿನೂಟದಲ್ಲಿ ಪ್ರತಿ ವಾರ ಯಾರಾದರೊಬ್ಬರು ಹೇಳುವುದು, ಪ್ರತಿ ವಾರ ವೆಂಡೆಲ್ ಹೊಸದಾಗಿ ಕೇಳಿದವನ ಹಾಗೆ ನಗುವುದು, ಅವನ ಕಿವಿಯ ಹಿಂದೆ ಬಿಸಿಲಿಗೆ ಸುಲಿದ ಚರ್ಮ, ಅಲ್ಲಿಂದ ಬರುತ್ತಿದ್ದ ಸಾಬೂನಿನ ವಾಸನೆ, ಸರೋವರದ ದಂಡೆಯ ರಸ್ತೆಯಲ್ಲಿ ಗಾಳಿ ತಣ್ಣಗಾದ ಕೂಡಲೇ ಎಡಗೈ ಹಿಂದಕ್ಕೆ ಚಾಚಿ ಅವಳ ಮೊಣಕಾಲು ತಟ್ಟುತ್ತಿದ್ದ, ಚಳಿ ಆಗ್ತಿದೆಯಾ ಅಂತ, ಅಷ್ಟು ಮಾಂಸ ಇರುವವಳಿಗೆ ಚಳಿಯಾಗುತ್ತದೆ ಅಂತ ಜಗತ್ತಿನಲ್ಲಿ ನಂಬಿದವನು ಅವನೊಬ್ಬನೇ. ಆಮೇಲೆ ಕಳೆದ ಆಗಸ್ಟ್, ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸಿದಾಗ ಬೈಕು ಬಲಕ್ಕೆ ವಾಲಿತು, ಸುಮ್ಮನೆ ವಾಲಿತು, ಅವನ ಕೈ ಬ್ರೇಕಿನ ಮೇಲೆ ಕುಣಿಯಿತು, ಹಿಂದೆ ಕೂತವರು ಕಾಲು ಕೆಳಗಿಡಬಾರದು ಅಂತ ಮೊದಲ ದಿನವೇ ಅವನು ಹೇಳಿಕೊಟ್ಟಿದ್ದ, ಅವಳು ಇಟ್ಟಳು, ಕಂಬದ ಹಾಗೆ ಊರಿದಳು, ಚೀಸ್ ಕಾರ್ಖಾನೆಯಲ್ಲಿ ನಲವತ್ತು ಪೌಂಡಿನ ಗಟ್ಟಿಗಳನ್ನು ದಿನವಿಡೀ ಎತ್ತಿಡುವ ಸೊಂಟ ಇನ್ನು ಯಾವುದಕ್ಕೆ, ಬೈಕು, ಗಂಡ, ತಾನು, ಮೂವರನ್ನೂ ಎತ್ತಿ ನೆಟ್ಟಗೆ ನಿಲ್ಲಿಸಿದಳು. ಅವನು ತಿರುಗಿ ನೋಡಲಿಲ್ಲ. ಮನೆ ತಲುಪುವವರೆಗೆ ಮೊಣಕಾಲು ತಟ್ಟಲಿಲ್ಲ. ಅಕ್ಟೋಬರಿನಲ್ಲಿ ಬೈಕು ಮಾರಿದ, ಕೊಂಡವನು ಟ್ರಕ್ಕಿಗೆ ಏರಿಸುವಾಗ ಒಳಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತ.

ಇಳೀತೀನಿ ಡ್ಯಾರೆಲ್, ಕೈ ಕೊಡು — ಬೇಡ, ಕೈ ಕೊಟ್ಟರೆ ನೀನೂ ಬೀಳ್ತೀಯಾ, ನಾನೇ ಇಳೀತೀನಿ. ಇಳಿದಳು, ಬೈಕು ಉಸ್ಸಂತ ಎರಡಂಗುಲ ಮೇಲೆದ್ದಿತು, ಬದುಕಿದೆ ಅಂದ ಹಾಗೆ. ಬೈಕು ಓಡಿಸಲು ಕಲಿತ ತರಬೇತಿಯಲ್ಲಿಯೂ ಹೀಗೇ, ಆ ಸಣ್ಣ ಸಣ್ಣ ಬೈಕುಗಳ ಮೇಲೆ ಪ್ಲಾಸ್ಟಿಕ್ ಶಂಕುಗಳ ಸುತ್ತ ತಿರುಗುವಾಗ ಸರ್ಕಸ್ಸಿನ ಕರಡಿಯ ಹಾಗಿದ್ದಳು, ಜೊತೆಗಿದ್ದವರು ನಕ್ಕರು, ಅವಳೂ ನಕ್ಕಳು, ಪಾಸಾದಳು, ಲೈಸೆನ್ಸನ್ನು ತಂದು ವೆಂಡೆಲ್‌ನ ತಟ್ಟೆಯ ಪಕ್ಕ ಇಟ್ಟಳು, ಇನ್ಮೇಲೆ ನಾನು ಮುಂದೆ, ನೀನು ಹಿಂದೆ. ಅವನು ತುಂಬ ಹೊತ್ತು ನೋಡಿದ, ಫೋಟೋ ಚೆನ್ನಾಗಿದೆ ಅಂದ. ಬೈಕು ತಗೋ, ನಿಂಗೆ ಒಪ್ಪುತ್ತೆ, ನಾನು ಪಿಕಪ್ಪಲ್ಲಿ ಹಿಂದೆ ಹಿಂದೆ ಬರ್ತೀನಿ, ಸ್ಯಾಂಡ್‌ವಿಚ್ಚು ನಾನು ತರ್ತೀನಿ, ಎಲ್ಲಾದ್ರೂ ಕೆಟ್ಟು ನಿಂತ್ರೆ ಏರಿಸ್ಕೊಂಡು ಬರ್ಬಹುದು. ಪಿಕಪ್ಪಿನಲ್ಲಿ ಹಿಂದೆ ಬರುತ್ತಾನಂತೆ, ಶವಯಾತ್ರೆಗೆ ಹೋಗುವವರ ಹಾಗೆ ದೀಪ ಹಾಕಿಕೊಂಡು. ಯಾಕೆ, ಹೆಂಡತಿ ಹಿಂದೆ ಕೂತರೆ ಮಾನ ಹೋಗುತ್ತದಾ, ಅಂತ ಕೇಳಿದ್ದಳು, ಮಾನದ ಮಾತಲ್ಲ ಕಣೇ ಅಂದ, ಅಷ್ಟೇ ಅಂದ, ಮಾನದ ಮಾತೇ, ಇಲ್ಲಿ ಗಂಡು ಹಿಂದೆ ಕೂತರೆ ಮೀನಿನೂಟದಲ್ಲಿ ಹತ್ತು ವರ್ಷಕ್ಕಾಗುವಷ್ಟು ನಗೆ ಸಿಗುತ್ತದೆ, ಅವಳಿಗೂ ಗೊತ್ತು. ನೀನು ಮೂವತ್ತು ವರ್ಷ ಹಳ್ಳಿ ಟಪಾಲು ಹಂಚಿದವನು, ಸ್ಟೀರಿಂಗು ಎಡಗಡೆ ಇರೋ ಕಾರಿನ ಬಲಗಡೆ ಸೀಟಲ್ಲಿ ಕೂತು ಎಡಗಾಲು ಅತ್ತ ಚಾಚಿ ಎಡಗೈಯಲ್ಲಿ ಓಡಿಸಿದವನು, ಬಲಗೈಯಲ್ಲಿ ಜನರ ಪೆಟ್ಟಿಗೆಗೆ ಕಾಗದ ಹಾಕಿದವನು, ಕೂರಬಾರದ ಸೀಟಲ್ಲಿ ಕೂತೇ ಪಿಂಚಣಿ ಸಂಪಾದಿಸಿದೆಯಲ್ಲ, ಇನ್ನೊಂದು ಸೀಟು ಯಾವ ಲೆಕ್ಕ ನಿಂಗೆ, ಅಂದರೆ ನಕ್ಕ. ಒಬ್ಬಳೇ ಓಡಿಸಬೇಕಾದರೆ ಅವಳಿಗೆ ಬೈಕು ಯಾಕೆ ಬೇಕು, ಬೈಕಿನ ಹುಚ್ಚು ಅವಳದ್ದಲ್ಲ, ಅವನ ಜೊತೆ ಒಂದೇ ಸೀಟಿನಲ್ಲಿ ಗಾಳಿಗೆ ಮುಖ ಕೊಡುವ ಹುಚ್ಚು, ಅವನಿಗೆ ಅದು ಹೊಳೆಯುವುದಿಲ್ಲ, ಚಳಿಗಾಲವಿಡೀ ಹೊಳೆಯಲಿಲ್ಲ, ಹಿಮ ಕರಗಿತು, ಜಾರದ ಹಾಗೆ ರಸ್ತೆಗೆ ಚೆಲ್ಲಿದ ಉಪ್ಪು ತೊಳೆದುಹೋಗುವ ಮಳೆಯೂ ಮೊನ್ನೆ ಬಂತು, ಊರಿನ ಬೈಕುಗಳೆಲ್ಲ ನಿನ್ನೆಯಿಂದ ಗುಡುಗುಟ್ಟುತ್ತ ಹೊರಬಿದ್ದಿವೆ, ಅವನ ಬಲಗೈ ಮಾತ್ರ ಜೇಬಿನಲ್ಲಿ.

ಇದು ನೋಡಿ ಹಾಗಾದ್ರೆ, ಇದರ ಬಣ್ಣ ಹೆಂಗಸರಿಗೆ — ಡ್ಯಾರೆಲ್ ಇನ್ನೊಂದರತ್ತ ನಡೆದ, ಅದೂ ತಗ್ಗು, ಅದೂ ಸಣ್ಣದು, ನೇರಳೆ ಬಣ್ಣ, ಅವಳು ಕಾಲೆತ್ತಿದಳು, ಕೂತಳು, ಹಿಂದಿನ ಸ್ಪ್ರಿಂಗು ತಳ ಮುಟ್ಟಿ ಟಕ್ ಅಂದಿತು, ಸೊಂಟದ ಕೀಲು ಹಿಡಿದುಕೊಂಡಿತು, ಅಲ್ಲೇ ಟೈರುಗಳ ರಾಶಿಯಿಂದ ಧ್ವನಿ ಬಂತು, ಸಾಕು ಕಣೋ ಡ್ಯಾರೆಲ್, ಅವಳನ್ನ ಯಾಕೆ ಹಾಗೆ ಹಿಂಸೆ ಮಾಡ್ತೀಯಾ. ಬಾಯಿ ತೆಗೆಯುವುದಿಲ್ಲ ಅಂದವನು. ತಗ್ಗಿನ ಸೀಟು ಕುಳ್ಳರಿಗೆ, ನನ್ನಂಥವರಿಗೆ, ಅವಳ ತೊಡೆ ಉದ್ದ ನೋಡು, ಕಾಲುಹಲಗೆ ಮುಂದೆ ಇರ್ಬೇಕು, ಕಾಲು ಚಾಚ್ಬೇಕು, ಬಲ ಮೊಣಕಾಲಿದೆಯಲ್ಲ, ಅದನ್ನ ಜಾಸ್ತಿ ಹೊತ್ತು ಮಡಿಸಿದ್ರೆ ರಾತ್ರಿಯಿಡೀ ನೋಯುತ್ತೆ, ಅವಳು ಹೇಳಲ್ಲ, ಬಿಸಿನೀರಿನ ಚೀಲ ಇಟ್ಕೊಂಡು ಮಲಗ್ತಾಳೆ. ಹ್ಯಾಂಡಲ್ಲು ಹಿಂದಕ್ಕೆ ಬರ್ಬೇಕು, ಬಗ್ಗಿದ್ರೆ ಹೊಟ್ಟೆ ಒತ್ತುತ್ತೆ, ಉಸಿರು ಕಟ್ಟುತ್ತೆ. ಹಗುರ ಹಗುರ ಅಂತೀಯಲ್ಲ, ಹಗುರದ ಬೈಕಿನ ಮೇಲೆ ಇವಳನ್ನ ಕೂರಿಸಿದ್ರೆ ಗಾಳಿಗೆ ಎರಡೂ ಹಾರಿಹೋಗ್ತವೆ, ಭಾರದ್ದು ತೋರಿಸು, ಅಗಲದ್ದು ತೋರಿಸು, ಅವಳು ಎತ್ತಿದ ಭಾರ ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಡ್ಯಾರೆಲ್ ಕಿವಿ ಕೆಂಪಗೆ ಮಾಡಿಕೊಂಡು, ದೊಡ್ಡ ಕ್ರೂಸರುಗಳು ಆ ಕಡೆ ಇವೆ ವೆಂಡೆಲ್, ಹೆಂಗಸರು ಯಾರೂ ಅವನ್ನ — ಈ ಹೆಂಗಸು ಕೇಳ್ತಾಳೆ, ಬಾ, ಅಂದ ವೆಂಡೆಲ್. ಬಂದರು, ಕಿಟಕಿಯ ಬಳಿ ಕಪ್ಪನೆಯದೊಂದು, ಮೇಜಿನಷ್ಟು ಅಗಲದ ಸೀಟು, ಅವಳು ಕೂತಳು, ಕೂತಾಗ ಏನೂ ಆಗಲಿಲ್ಲ, ಏನೂ ಟಕ್ ಅನ್ನಲಿಲ್ಲ, ಕಾಲು ತಾನಾಗಿಯೇ ಮುಂದೆ ಹೋಗಿ ಹಲಗೆಯ ಮೇಲೆ ಮಲಗಿತು, ಹ್ಯಾಂಡಲ್ಲು ಕೈಗೆ ಬಂತು, ತನ್ನ ಮೈಯನ್ನು ಎಲ್ಲಿ ಬಚ್ಚಿಡಲಿ ಅಂತ ಯೋಚಿಸದೆ ಕೂತದ್ದು ಎಷ್ಟು ವರ್ಷವಾಯಿತು, ಸಿನಿಮಾ ಮಂದಿರದಲ್ಲಿ ಇಲ್ಲ, ವಿಮಾನದಲ್ಲಿ ಇಲ್ಲ, ಚರ್ಚಿನ ಬೆಂಚಿನಲ್ಲೂ ಇಲ್ಲ, ಅವನ ಬೆನ್ನ ಹಿಂದಿನ ಆ ಸೀಟಿನಲ್ಲಿ ಮಾತ್ರ. ಎರಡೂ ಕಾಲೂರಿ ಬೈಕನ್ನು ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಎಬ್ಬಿಸಿದಳು, ಕರುವನ್ನು ಎಬ್ಬಿಸಿದಷ್ಟು ಸಲೀಸು, ವೆಂಡೆಲ್ ಒಂದು ಸುತ್ತು ಬಂದ, ತಲೆ ಓರೆ ಮಾಡಿ ನೋಡಿದ, ಅವನು ಹಾಗೆ ನೋಡಿದ್ದು ಮದುವೆಯ ದಿನ, ಇದೇ ಕಣೇ, ಇದೇ, ಅಂದ.

ಒಂದು ರೌಂಡು ಓಡಿಸಿ ನೋಡಿ, ಸ್ಪ್ರಿಂಗು ಹೊಂದಿಸ್ಕೊಡ್ತೀನಿ, ಮಾರ್ಲಿಸ್, ಬೇಜಾರು ಮಾಡ್ಕೋಬೇಡಿ, ನಿಮ್ಮ ತೂಕ ಹೇಳಿದ್ರೆ — ಡ್ಯಾರೆಲ್ ನೆಲ ನೋಡುತ್ತಿದ್ದಾನೆ, ಲೈಸೆನ್ಸಿನಲ್ಲಿ ತೂಕ ಅಂತ ಒಂದು ಸಂಖ್ಯೆ ಇದೆ, ಅದು ಸುಳ್ಳು, ಗಂಡನಿಗೂ ಅದನ್ನೇ ಹೇಳಿಕೊಂಡು ಬಂದದ್ದು, ಅದನ್ನೇ ಹೇಳಿದರೆ ಸ್ಪ್ರಿಂಗು ತಳ ಮುಟ್ಟುತ್ತದೆ, ನಿಜ ಹೇಳಿದರೆ — ಇನ್ನೂರ ಎಪ್ಪತ್ತು ಪೌಂಡು ಹಿಡಿ, ಅಂದ ವೆಂಡೆಲ್, ಊಟಕ್ಕೆ ಉಪ್ಪು ಕೇಳಿದಷ್ಟು ಸಹಜವಾಗಿ. ಪೌಂಡು ಪೌಂಡೂ ಸರಿ. ನಿನಗೆ ಹೇಗೆ ಗೊತ್ತು, ಯಾರು ಹೇಳಿದರು, ಅಂದಳು. ಯಾರು ಹೇಳ್ಬೇಕು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬೈಕು ಹೊರಗೆ ತೆಗೆಯೋವಾಗ ನೀನು ಹತ್ತಿ ಕೂತ್ರೆ ಹಿಂದೆ ಎಷ್ಟು ತಗ್ಗುತ್ತೆ ಅಂತ ನೋಡಿ ಸ್ಪ್ರಿಂಗು ಬಿಗಿ ಮಾಡ್ತಿದ್ದವನು ನಾನಲ್ವಾ, ಕೆಲವು ವರ್ಷ ಆ ಬಿಗಿಯೋ ಬಳೇಲಿ ಒಂದು ಹಲ್ಲು ಜಾಸ್ತಿ, ನಿಮ್ಮಮ್ಮ ತೀರಿಕೊಂಡ ವರ್ಷ ಎರಡು. ಚೈನಿಗೆ ಎಣ್ಣೆ ಹಾಕುತ್ತಿದ್ದಾನೆ ಅಂದುಕೊಂಡಿದ್ದಳು, ಏಪ್ರಿಲಿನಲ್ಲಿ ಗ್ಯಾರೇಜಿನ ನೆಲದ ಮೇಲೆ ಮಲಗಿ, ಬೈಕಿನ ಹೊಟ್ಟೆಯಡಿ, ಹಾಡು ಗುನುಗುತ್ತ, ಇಪ್ಪತ್ತೊಂಬತ್ತು ಏಪ್ರಿಲ್, ಒಂದು ಮಾತು ಆಡಲಿಲ್ಲ, ಒಂದು ಸಲ ತಮಾಷೆಗೂ, ಅವಳು ಸುಳ್ಳು ಸಂಖ್ಯೆ ಹೇಳುವಾಗ ಹೌದು ಹೌದು ಅಂತ ತಲೆ ಆಡಿಸುತ್ತ, ಅವಳ ಕಣ್ಣು ಉರಿಯಿತು, ಈ ಬಡಕಲನ ಮೇಲೆ ಇಷ್ಟು ಪ್ರೀತಿ ಬಂದು ಏನು ಮಾಡಬೇಕೋ ತಿಳಿಯಲಿಲ್ಲ. ಸರಿ, ಒಬ್ಬರೇನಾ ಇಬ್ಬರಾ, ಡ್ಯಾರೆಲ್ ಕೊಕ್ಕೆ ಸ್ಪ್ಯಾನರು ಹಿಡಿದು ಕೇಳುತ್ತಿದ್ದಾನೆ, ಹಿಂದೆ ಯಾರಾದ್ರೂ ಕೂರ್ತಾರಾ. ಅವಳು ಹ್ಯಾಂಡಲ್ಲಿನ ಕನ್ನಡಿಯಲ್ಲಿ ಅವನನ್ನು ನೋಡಿದಳು, ಕೇಳುವುದಿಲ್ಲ, ಇನ್ನು ಕೇಳುವುದಿಲ್ಲ, ಚಳಿಗಾಲವಿಡೀ ಕೇಳಿಯಾಗಿದೆ, ಇಲ್ಲ ಅಂದರೆ ಇಳಿದು ಮನೆಗೆ ಹೋಗುತ್ತಾಳೆ, ಈ ಕಪ್ಪು ಬೈಕು ಬೇಡ, ಯಾವುದೂ ಬೇಡ. ಕೊಡಿಲ್ಲಿ, ಅಂದ ವೆಂಡೆಲ್, ಜೇಬಿನಿಂದ ಕೈ ಬಂತು, ಸ್ಪ್ಯಾನರು ಹಿಡಿಯಿತು, ಸ್ಪ್ರಿಂಗಿನ ಕಬ್ಬಿಣಕ್ಕೆ ಅದು ಟಿಕಟಿಕ ಟಿಕಟಿಕ ಬಡಿಯಿತು, ಅಂಗಡಿಗೆಲ್ಲ ಕೇಳಿಸುವ ಹಾಗೆ, ಡ್ಯಾರೆಲ್ ನೋಡಿದ, ಆ ಕೈಯನ್ನು, ಆಮೇಲೆ ಅವಳ ಮುಖವನ್ನು. ನನ್ನ ಕೈಲಿ ಆಗಲ್ಲ, ನೀನೇ ತಿರುಗಿಸು ಬಾ ಕಣೇ, ಅಂದ, ಅವಳು ಇಳಿದು ಸ್ಪ್ಯಾನರು ಹಿಡಿದಳು, ನಿಂಗೆ ಇಷ್ಟು, ಇಲ್ಲಿವರೆಗೆ, ಸಾಕು — ಇನ್ನೊಂದು ಹಲ್ಲು ನಂಗೆ. ಒಂದ್ಯಾಕೆ, ಅರ್ಧ ಸಾಕು ನಿನ್ನ ಮೂಳೆಗೆ, ಅಂತ ಅವಳು ಹೇಳಿದಳು. ಅರ್ಧ ಹಲ್ಲು ಇಲ್ಲ ಅದ್ರಲ್ಲಿ, ಪೂರ್ತಿ ಹಾಕು, ನಾನು ಮೀನು ಜಾಸ್ತಿ ತಿಂತೀನಿ.

ಹೊರಗೆ ಬಿಸಿಲು, ತೊಳೆದ ರಸ್ತೆ, ಇಂಜಿನ್ನು ಧಡ್ ಅಂತ ಎದ್ದು ಗುಡುಗುಟ್ಟಿತು, ಹೊಟ್ಟೆಯೊಳಗೆ ಗುಡುಗಿತು, ತೊಡೆ, ಹಲಗೆ, ಹ್ಯಾಂಡಲ್ಲು, ಎಲ್ಲ ಅದುರುತ್ತಿವೆ, ಇಷ್ಟು ದೊಡ್ಡ ಇಂಜಿನ್ನು ನಿಂತಲ್ಲಿ ಅದುರದೆ ಇರುವುದಿಲ್ಲ, ಇನ್ನೂ ಹತ್ತಲಿಲ್ಲ ಅವನು, ಹತ್ತುತ್ತಾನಾ, ರಸ್ತೆಯಾಚೆ ಪೆಟ್ರೋಲ್ ಬಂಕಿನಲ್ಲಿ ಇಬ್ಬರು ನಿಂತು ನೋಡುತ್ತಿದ್ದಾರೆ, ಶುಕ್ರವಾರದ ಊಟದಲ್ಲಿ ಸಿಗುವವರೇ, ಮುಂದಿನಿಂದ ನೋಡಿದರೆ ಇನ್ನು ಅವನು ಕಾಣುವುದೇ ಇಲ್ಲ, ನಗಲಿ, ನೋಡಿ ನಗಲಿ — ಸೀಟು ತಗ್ಗಿತು, ಇಷ್ಟೇನಾ ಇವನ ಭಾರ, ಇಷ್ಟೇ ಭಾರಕ್ಕಾಗಿ ಇಷ್ಟು ದಿನ ಕಾದಿದ್ದು, ಬೆನ್ನಿಗೆ ಅವನ ಎದೆ, ಕತ್ತಿಗೆ ಉಸಿರು, ಎಡಗೈ ಮೊದಲು ಬಂತು, ಸೊಂಟದ ಎಡಕ್ಕೆ, ಅರ್ಧ ದಾರಿಯೂ ತಲುಪದ ಕೈ, ಬಲಗೈ ಬರಲಿಲ್ಲ, ಕಾದಳು, ಕ್ಲಚ್ಚು ಒತ್ತಿ ಹಿಡಿದ ಬೆರಳು ನೋಯುತ್ತಿದೆ, ಆಮೇಲೆ ಬಂತು, ಜಾಕೆಟ್ಟಿನ ಮೇಲೆ, ಬಲಗಡೆ, ಐದೂ ಬೆರಳು, ಹಿಡಿದುಕೊಂಡಿತು, ಅದುರುತ್ತಿದೆ, ಇಂಜಿನ್ನೂ ಅದುರುತ್ತಿದೆ, ಇದರಲ್ಲಿ ಅವನದ್ದು ಯಾವುದು, ಬೈಕಿನದ್ದು ಯಾವುದು, ಹುಡುಕಿದಳು, ಸಿಗಲಿಲ್ಲ, ಹೋಗೋಣ್ವಾ ಕಣೇ ಅಂದ ಕಿವಿಯ ಹತ್ತಿರ, ಹೋಗೋಣ, ಒಂದು ನಿಮಿಷ ಇರು, ಕ್ಲಚ್ಚು ಬಿಡಬೇಕು, ಬಿಡುತ್ತಾಳೆ, ಈಗ ಬಿಡುತ್ತಾಳೆ, ಸೊಂಟದ ಮೇಲೆ ಆ ಕೈ, ಯಾರ ಕಣ್ಣಿಗೂ ಇನ್ನು ಬೇರೆಯಾಗಿ ಕಾಣದ ಕೈ, ಅದುರುವ ಬೈಕಿನ ಮೇಲೆ ಅದುರುವ ಕೈ, ಆ ಕೈ ಅಲ್ಲೇ ಇದೆ, ಕ್ಲಚ್ಚು ಬಿಟ್ಟಳು.