ನೆಕ್ಕಿ ನೋಡಿದ ಬಂಡೆ

ನನ್ನಕ್ಕ ಬೆರಿಲ್‌ಗೆ ಎಪ್ಪತ್ತರ ಹೊಸ್ತಿಲಲ್ಲಿ ಗಂಡೊಬ್ಬ ಗಂಟುಬಿದ್ದ. ಹೆಸರು ಡೆಸ್ಮಂಡ್, ನಿವೃತ್ತ ಬಸ್ ಡ್ರೈವರ್, ಅಪ್ಪಟ ಚಿನ್ನ. ಅಕ್ಕ ಒಪ್ಪಿಬಿಡಲಿ ಎಂದು ನಾನು ಚಡಪಡಿಸುತ್ತಿದ್ದೆ. ಅವಳೋ ಷರತ್ತು ಹಾಕಿ ಕೂತಳು.

ನಮ್ಮ ನ್ಯೂಕ್ಯಾಸಲ್ ಕಡಲಂಚಿನ ಬಂಡೆಗಳೆಲ್ಲ ಪದರ ಪದರ: ಮರಳುಗಲ್ಲು, ಕಲ್ಲಿದ್ದಲು, ನಡುವೆ ಯಾವುದೋ ಕಾಲದ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಬಿಳಿ ಪದರ. ಉತ್ತರದ ಗುಡ್ಡದಲ್ಲಿ ಅದು ಎತ್ತರದಲ್ಲಿ ಎದ್ದು ಕಾಣುತ್ತದೆ.

"ಇದೇ ಪದರ ದಕ್ಷಿಣದ ಕೊಲ್ಲೀಲೂ ಇದೆ. ಹುಡುಕಿ ತೋರಿಸಿ, ಮದುವೆಗೆ ಹೂಂ ಅಂತೀನಿ" ಅಂದಳು. ಅವಳಿಗೆ ಮೊದಲಿಂದಲೂ ಕಲ್ಲುಗಳ ಹುಚ್ಚು; ಮೊದಲ ಗಂಡ ಬದುಕಿದ್ದಷ್ಟು ದಿನ "ಕಲ್ಲಲ್ಲಿ ಏನೇ ಇದೆ ನೋಡೋಕೆ?" ಎನ್ನುತ್ತಲೇ ಹೋದ. ಈ ಸಲ ಅವಳಿಗೆ ಕಣ್ಣು ಬಿಟ್ಟು ನೋಡುವವನೇ ಬೇಕಿತ್ತು. ಗುರುತನ್ನೂ ಅವಳೇ ಹೇಳಿಕೊಟ್ಟಳು: ಆ ಬೂದಿಗಲ್ಲನ್ನು ನೆಕ್ಕಿದರೆ ನಾಲಿಗೆಗೆ ಅಂಟುತ್ತದೆ.

ಪ್ರತಿ ಶನಿವಾರ ಮೂವರೂ ಕೊಲ್ಲಿಗೆ ಹೋಗುತ್ತಿದ್ದೆವು. ಅಕ್ಕ ಅದೇ ಚಪ್ಪಟೆ ಬಂಡೆಯ ಮೇಲೆ ಚಾಪೆ ಹಾಸಿ ಟೀ ಬಗ್ಗಿಸುವಳು. ಡೆಸ್ಮಂಡ್ ಅಲ್ಲಿನ ಗುಡ್ಡದ ಗೋಡೆಗೆ ಜೋತುಬಿದ್ದು ಹುಡುಕುವನು.

ಒಂದು ದಿನ ಮೇಲಿಂದ ಕೂಗು ಬಂತು. "ಸಿಕ್ತು! ಬಿಳೀ ಗೆರೆ! ನೆಕ್ಕಿದೆ!"

"ಅಂಟ್ತಾ?" ಅಕ್ಕ ಕೇಳಿದಳು.

"ಹೂಂ... ಯಾಕೋ ಮೀನು ಮೀನು ವಾಸನೆ."

"ಅಯ್ಯೋ, ಅದು ಕಡಲಹಕ್ಕಿ ಹಿಕ್ಕೆ ಕಣ್ರೀ!"

ನಾನು ನಕ್ಕು ನಕ್ಕು ಕೇಕನ್ನು ಮರಳಿಗೆ ಬೀಳಿಸಿದೆ. ಡೆಸ್ಮಂಡ್ ಇಳಿದು ಬಂದವನೇ ಟೀಯಲ್ಲಿ ಬಾಯಿ ಮುಕ್ಕಳಿಸಿ ಉಗಿದ. ಪಾಪ, ಮುಖ ಸಪ್ಪಗಾಗಿತ್ತು. ಆಮೇಲೆ ಉತ್ತರದ ಗುಡ್ಡವನ್ನೇ ನೋಡುತ್ತಾ ನಿಂತ.

"ಬೆರಿಲ್, ಆ ಗೆರೆಗಳೆಲ್ಲ ಈ ಕಡೆಗೇ ವಾಲಿವೆ ಅಲ್ವಾ?"

ಅಕ್ಕ ಕಪ್ಪನ್ನು ಕೆಳಗಿಟ್ಟಳು.

"ಇಳಿಜಾರಲ್ಲಿ ಬಿಟ್ಟ ಬಸ್ಸು ಕೆಳಗೇ ಬರ್ಬೇಕು, ಈ ಪದರಾನೂ ಹಾಗೇ. ನಾನ್ಯಾಕೆ ಮೇಲೆ ಹುಡುಕ್ತಿದೀನಿ?"

ಚಾಪೆಯ ಅಂಚು ಸರಿಸಿ, ಮಾಸಿದ ಬಂಡೆಯನ್ನು ಬೂಟಿನ ಹಿಮ್ಮಡಿಯಿಂದ ಕೆರೆದ. ಬೆಳ್ಳಗೆ ಕಂಡಿತು. ಈಜಲು ಬಂದವರೆಲ್ಲ ನೋಡುತ್ತಿರುವಂತೆಯೇ ಬೋರಲಾಗಿ ಮಲಗಿ ನೆಕ್ಕಿದ.

"ಅಂಥಿಥು!" ಎಂದ, ನಾಲಿಗೆ ಅಲ್ಲೇ ಇಟ್ಟುಕೊಂಡು.

ಆಮೇಲೆ ಎದ್ದು ಕೂತು ಹೇಳಿದ, "ಇಷ್ಟು ದಿನ ಇದರ ಮೇಲೇ ಕೂತು ಟೀ ಕುಡೀತಿದ್ವಲ್ಲ!"

"ಮತ್ತೆ? ಪ್ರತಿ ವಾರ ಇಲ್ಲೇ ಚಾಪೆ ಹಾಸಿದ್ದು ಸುಮ್ನೇನಾ?" ಎಂದಳು ಅಕ್ಕ. ಮುಖ ಕೆಂಪಗಾಗಿತ್ತು.

ನಾನು ಉಳಿದ ಟೀಯನ್ನು ಕಪ್ಪಿಗೆ ಬಗ್ಗಿಸಿ ಅವನ ಮುಂದೆ ಹಿಡಿದೆ.

"ತಗೊಳ್ಳಿ ಭಾವ, ಮೊದ್ಲು ಬಾಯಿ ತೊಳ್ಕೊಳ್ಳಿ."