ಒರೆಸಿದರೆ ಹೋಗುವ ಮಾತು

ನಾನು ಒಂದು ವೈಟ್‌ಬೋರ್ಡ್. ಗೋಡೆಯಗಲದ್ದಲ್ಲ, ತೊಡೆಯ ಮೇಲೆ ಕೂರುವಷ್ಟು ಚಿಕ್ಕದು. ದಾವಣಗೆರೆಯ ಒಂದು ಅಂಗಡಿಯಲ್ಲಿ ಟ್ಯೂಷನ್ ಕ್ಲಾಸಿಗೆಂದು ದೊಡ್ಡ ಬೋರ್ಡ್ ಕತ್ತರಿಸಿದಾಗ ಮಿಕ್ಕ ತುಂಡು ನಾನು. ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಬಡಿದು ಕಿಟಕಿಯ ಪಕ್ಕ ನೇತುಹಾಕಿದರು. ಮಿಕ್ಕ ತುಂಡಾದರೂ ನನಗೆ ಜಂಬ ಕಡಿಮೆಯಿರಲಿಲ್ಲ. ಪಕ್ಕದ ಹಾಳೆಯ ಕಟ್ಟುಗಳನ್ನು ಕಂಡರೆ ಅಯ್ಯೋ ಪಾಪ ಎನಿಸುತ್ತಿತ್ತು. ಒಮ್ಮೆ ಬರೆದರೆ ಮುಗಿಯಿತು ಅವುಗಳ ಬದುಕು.

ನನ್ನನ್ನು ಕೊಂಡವರು ಹಾಲಮ್ಮ. ಅವರ ಗಂಡ ಕೊಟ್ರಬಸಪ್ಪ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಬಸ್ಸಿನ ಸಮಯ, ಊರುಗಳ ಹೆಸರು ಕೂಗಿದವರು. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆಯುತ್ತಿದ್ದರು. ಪಕ್ಕದ ಮನೆಯವರಿಗೆ "ಒಂದು ಬೀಡಿ ಕೊಡಿ" ಎಂದು ಬರೆದ ಚೀಟಿ, ತವರಿಗೆ ಬಂದಿದ್ದ ಮಗಳು ನೀಲಾಂಬಿಕೆಯ ಕೈಗೆ ಸಿಕ್ಕಿ ರಂಪವಾಯಿತಂತೆ.

"ನಮ್ಮ ಯಜಮಾನ್ರು ಸಿಟ್ಟಿನಾಗೆ, ನೀನು ನನ್ನ ಮಗಳೇ ಅಲ್ಲ, ಈ ಮನೆಗೆ ಬರಬೇಡ ಅಂತ ಬರ್ದು ಕೊಟ್ರು ನೋಡಪ್ಪ. ಬಾಯಾಗೆ ಅಂದಿದ್ರೆ ಸಂಜಿಗೆ ಮರೀತಿದ್ಲು. ಚೀಟಿನ ಪರ್ಸ್‌ನಾಗೆ ಇಟ್ಕೊಂಡು ಹೋದೋಳು ಆರು ತಿಂಗ್ಳಾದ್ರೂ ಬಂದಿಲ್ಲ. ಒರೆಸಿದ್ರೆ ಹೋಗೋ ಅಂಥದ್ದು ಕೊಡು" ಎಂದರು ಹಾಲಮ್ಮ ಅಂಗಡಿಯವನಿಗೆ.

ಅಂದಿನಿಂದ ನಾನೇ ಕೊಟ್ರಬಸಪ್ಪನವರ ನಾಲಿಗೆ. ತಿಂಗಳಿಗೆ ಎರಡು ನೋಟ್‌ಬುಕ್ ಮುಗಿಯುತ್ತಿದ್ದ ಮನೆಗೆ ಒಂದು ಪೆನ್ನು, ಹಳೇ ಬನಿಯನ್ನಿನ ತುಂಡು ಸಾಕಾಯಿತು. ನನ್ನ ಮೇಲಿನ ದಪ್ಪ ಅಕ್ಷರವನ್ನು ಹಾಲಮ್ಮ ಕನ್ನಡಕವಿಲ್ಲದೆ ಓದುತ್ತಿದ್ದರು. ಬಸ್ ನಿಲ್ದಾಣದ ಅಭ್ಯಾಸ ಬಿಡದ ಯಜಮಾನರು ಪ್ರತಿ ಮಾತಿಗೂ ಮೊದಲು ಸಮಯ ಹಾಕುತ್ತಿದ್ದರು: "7.40. ಉಪ್ಪಿಟ್ಟಿಗೆ ಉಪ್ಪಿಲ್ಲ." ಸಿಟ್ಟಿನ ಮಾತು ಶುರುವಾದರೆ ಅದು ಮುಗಿಯುವ ಮೊದಲೇ ಹಾಲಮ್ಮ ಸೆರಗಿನಿಂದ ಒರೆಸಿಬಿಡುತ್ತಿದ್ದರು. ಅರ್ಧ ಬೈಗುಳಕ್ಕೆ ಜಗಳ ಹತ್ತುವುದಿಲ್ಲ, ಇಬ್ಬರೂ ನಗುತ್ತಿದ್ದರು. ಇದನ್ನು ಯಾವ ಹಾಳೆ ಮಾಡೀತು ಹೇಳಿ! ಮಗಳ ಹೆಸರನ್ನು ಮಾತ್ರ ಯಜಮಾನರು ದಿನವೂ ಬರೆದು, ಹೆಂಡತಿ ನೋಡುವ ಮೊದಲು ತಾವೇ ಒರೆಸುತ್ತಿದ್ದರು.

ಶ್ರಾವಣದಲ್ಲಿ ಹಾಲಮ್ಮನ ಬಲವಂತಕ್ಕೆ ನೀಲಾಂಬಿಕೆ ಬಂದಳು. ಹೊಸ್ತಿಲಾಚೆಯೇ ನಿಂತು ಪರ್ಸಿನಿಂದ ಚೀಟಿ ತೆಗೆದಳು.

"ಇದನ್ನ ದಾಟಿ ಹೆಂಗೆ ಬರ್ಲಿ ಅಪ್ಪಾಜಿ?"

ಯಜಮಾನರು ಸಮಯ ಹಾಕುವುದನ್ನೂ ಮರೆತು ನನ್ನ ಮೇಲೆ "ತಪ್ಪಾಯಿತು ಮಗಳೇ, ಒಳಗೆ ಬಾ" ಎಂದು ಬರೆದು ತೋರಿಸಿದರು. ಇಂಥ ಮಾತು ಹೊತ್ತದ್ದಕ್ಕೆ ನಾನು ಬೀಗಿದೆ.

ನೀಲಾಂಬಿಕೆ ಓದಿ, ಮೊದಲ ಮಾತಿನ ಮೇಲೆ ಬೆರಳು ಎಳೆದಳು. ಅಕ್ಷರ ಅಳಿಸಿಹೋಯಿತು.

"ನೋಡ್ರಿ, ಹೋತು. ಬೈದಿದ್ದು ಹಾಳೆ ಮೇಲೆ, ಕರೆಯೋದು ಇದರ ಮೇಲಾ?" ಎಂದಳು. ಅವಳ ಕಣ್ಣು ತುಂಬಿತ್ತು.

ನನ್ನ ಜಂಬ ಇಳಿದದ್ದು ಅಲ್ಲೇ. ಕೊಟ್ರಬಸಪ್ಪನವರು ನನ್ನನ್ನು ಪಕ್ಕಕ್ಕಿಟ್ಟು, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅದೇ ಮಾತು ಬರೆದು ಸಹಿ ಹಾಕಿದರು. ಅವಳು ಎರಡು ಸಲ ಓದಿ, ಮಡಚಿ ಪರ್ಸಿಗೆ ಹಾಕಿಕೊಂಡಳು. ಹಳೆಯ ಚೀಟಿಯನ್ನು ಹರಿದು ಎಸೆದು ಒಳಗೆ ಬಂದಳು.

ಇದಾಗಿ ಒಂಬತ್ತು ವರ್ಷ. ನನ್ನ ಮೈ ಬೂದುಬಣ್ಣಕ್ಕೆ ತಿರುಗಿದೆ, ಅಡುಗೆಮನೆಯ ಬಾಗಿಲ ಹಿಂದೆ ಒರಗಿದ್ದೇನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರು ನನ್ನ ಮೇಲೆ ಬರೆದ ಸಾವಿರಾರು ಮಾತುಗಳಲ್ಲಿ ಒಂದೂ ಉಳಿದಿಲ್ಲ. ಬೈಗುಳ ಉಳಿಯಲಿಲ್ಲ ಎಂಬುದು ನನಗೆ ಸಮಾಧಾನವೇ. ಆದರೆ ನೀಲಾಂಬಿಕೆ ತವರಿಗೆ ಬಂದಾಗಲೆಲ್ಲ ಒಬ್ಬಳೇ ಕೂತು ಪರ್ಸು ತೆರೆದು ಅಪ್ಪನ ಕೈಬರಹ ಓದುತ್ತಾಳೆ. ಆಗ ಮಾತ್ರ ಆ ಹಾಳೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತದೆ.